ಕುಡಿತ ಬಿಡಲಿ ಅಂತ ಕಾಯಬೇಡಿ, ಮಕ್ಕಳ ಸಂಜೆಯಿಂದ ಶುರು ಮಾಡಿ

ಹಳೇ ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ನಾನು ಐದನೇ ಕ್ಲಾಸಿಗೆ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗ ಇದ್ದ. ಲೆಕ್ಕದಲ್ಲಿ ಬಹಳ ಚುರುಕು. ಆದರೆ ವಾರದಲ್ಲಿ ಎರಡು ಮೂರು ದಿನ ಹೋಂವರ್ಕ್ ಅರ್ಧಕ್ಕೇ ನಿಂತಿರುತ್ತಿತ್ತು. ಒಂದು ದಿನ ಊಟದ ಬಿಡುವಿನಲ್ಲಿ ಪಕ್ಕಕ್ಕೆ ಕರೆದು ಕೇಳಿದೆ. ತಟ್ಟೆಯ ಅಂಚು ಒರೆಸುತ್ತಾ ಹೇಳಿದ: "ಅಪ್ಪನ ಬೈಕಿನ ಸ್ಟ್ಯಾಂಡ್ ಒಂದ ಸಲಕ್ಕ ಬಿತ್ತಂದ್ರ ಏನಿಲ್ರಿ ಟೀಚರ್. ಎರಡ್ ಮೂರ್ ಸಲ ಸಪ್ಪಳ ಆತಂದ್ರ ನಾ ಪುಸ್ತಕ ಮುಚ್ಚಿ ತಂಗೀನ್ನ ಕರ್ಕೊಂಡು ಹಿತ್ತಲಕ್ಕ ಹೋಗ್ತೀನ್ರಿ."

ಹತ್ತು ವರ್ಷದ ಹುಡುಗ. ಪೆನ್ಸಿಲ್ ಕೈಯಲ್ಲಿ, ಕಿವಿ ಬೀದಿಯಲ್ಲಿ.

ಅವನ ಅವ್ವನನ್ನು ಕರೆಸಿ ಮಾತಾಡಿದೆ. "ಅವ್ರು ಕುಡಿಯೋದ್ ಒಂದ್ ಬಿಟ್ರ ಎಲ್ಲಾ ಸರಿ ಆಗ್ತೈತ್ರಿ" ಅಂದರು. ಆಮೇಲೆ ಇದೇ ಮಾತನ್ನು ಎಷ್ಟೋ ತಾಯಂದಿರ ಬಾಯಲ್ಲಿ ಕೇಳಿದ್ದೇನೆ. ಗದಗಿನ ಅಜ್ಜಿಯೊಬ್ಬರು, ಹಾವೇರಿಯ ಸೋದರಮಾವನೊಬ್ಬರು ಕೂಡ ಹೀಗೇ ಹೇಳಿದ್ದಾರೆ. ಮೊದಲು ಕುಡಿತ ಬಿಡಲಿ, ಮಕ್ಕಳ ವಿಷಯ ಆಮೇಲೆ ನೋಡಿದರಾಯಿತು ಅಂತ.

ಆದರೆ ಆ "ಆಮೇಲೆ" ಬಹಳ ದೂರ ಇರಬಹುದು. ದೆಹಲಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಏಮ್ಸ್ ಕೇಂದ್ರ ಸರ್ಕಾರಕ್ಕಾಗಿ ಮಾಡಿದ ಒಂದು ದೊಡ್ಡ ಸಮೀಕ್ಷೆ 2019ರಲ್ಲಿ ಪ್ರಕಟವಾಯಿತು. ಮದ್ಯದ ಚಟಕ್ಕೆ ಪೂರ್ತಿ ಸಿಕ್ಕಿಬಿದ್ದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೂ ಚಿಕಿತ್ಸೆ ಸಿಕ್ಕಿದೆ ಅಂತ ಅದರಲ್ಲಿದೆ. ಚಿಕಿತ್ಸೆ ಸಿಕ್ಕವರಲ್ಲೂ ಅನೇಕರು ಒಂದೆರಡು ಸಲ ಮತ್ತೆ ಜಾರುತ್ತಾರೆ. ಅಷ್ಟರಲ್ಲಿ ಮೂರನೇ ಕ್ಲಾಸಿನ ಮಗು ಎಸ್‌ಎಸ್‌ಎಲ್‌ಸಿಗೆ ಬಂದಿರುತ್ತದೆ. ಗಂಡನ ಕುಡಿತ ಬಿಡಿಸುವುದು ನಿಮ್ಮ ಕೈಯಲ್ಲಿಲ್ಲ. ಮಗುವಿನ ಸಂಜೆ ನಿಮ್ಮ ಕೈಯಲ್ಲಿದೆ. ಇಲ್ಲಿ ಹೇಳುವುದೆಲ್ಲ ಆ ಸಂಜೆಯ ಬಗ್ಗೆ.

ನಾನು "ಅಪ್ಪ" ಅಂತಲೇ ಬರೆಯುತ್ತೇನೆ, ಯಾಕೆಂದರೆ ನಮ್ಮ ಕಡೆ ಜಾಸ್ತಿ ಕಾಣುವುದು ಅದೇ. ಅವ್ವ ಕುಡಿಯುವ ಮನೆ, ಅಣ್ಣ ಗಾಂಜಾ ಸೇದುವ ಮನೆ, ಅಜ್ಜನೇ ಮೊಮ್ಮಗನ ಕೈಗೆ ಗುಟ್ಕಾ ಚೀಟಿ ಕೊಡುವ ಮನೆ, ಇವೂ ಇವೆ. ಅಲ್ಲಿಗೂ ಇದೇ ಹೆಜ್ಜೆಗಳು.

ಮೊದಲ ಹೆಜ್ಜೆ: ಮಗುವಿಗೆ ನಿಜ ಹೇಳಿ

ಮನೆಯಲ್ಲಿ ಕುಡಿತ ಇದ್ದರೆ ಅದು ಮಕ್ಕಳಿಗೆ ಗೊತ್ತಿರುತ್ತದೆ. ಮೂರು ವರ್ಷದ ಕೂಸಿಗೂ ಆ ವಾಸನೆ ಗೊತ್ತು. ಗೊತ್ತಿಲ್ಲದೇ ಇರುವುದು ಒಂದೇ, ಈ ವಿಷಯ ಮಾತಾಡಬಹುದೋ ಇಲ್ಲವೋ ಅನ್ನುವುದು. ನಾವು "ಅಪ್ಪಗ ಆರಾಮಿಲ್ಲ, ಮಲಗ್ಯಾನ" ಅಂತ ಹೇಳಿ ಬಾಗಿಲು ಮುಂದೆ ಮಾಡುತ್ತೇವೆ. ಮಗು ತಾನೇ ಕಾರಣ ಹುಡುಕಲು ಶುರು ಮಾಡುತ್ತದೆ. ಸಿಗುವ ಕಾರಣ ಬಹಳ ಸಲ ತಾನೇ ಆಗಿರುತ್ತದೆ. ಮಾರ್ಕ್ಸ್ ಕಡಿಮೆ ಬಂದಿದ್ದಕ್ಕೆ ಅಪ್ಪ ಕುಡಿದ, ನಾನು ಹಟ ಮಾಡಿದ್ದಕ್ಕೆ ಅವ್ವನಿಗೆ ಹೊಡೆದ, ಹೀಗೆ.

ಹೇಳುವ ಹೊತ್ತು ಮುಖ್ಯ. ಜಗಳ ಆದ ರಾತ್ರಿ ಬೇಡ. ಬೆಳಿಗ್ಗೆ ತಲೆ ಬಾಚುವಾಗ, ಅಕ್ಕಿ ಆರಿಸುವಾಗ, ಕೈಗೆ ಏನಾದರೂ ಕೆಲಸ ಇರುವಾಗ ಹೇಳಿ. ಮುಖಕ್ಕೆ ಮುಖ ಕೊಟ್ಟು ಕೂತರೆ ಮಕ್ಕಳು ಗಾಬರಿಯಾಗುತ್ತಾರೆ.

ಆರು ವರ್ಷದೊಳಗಿನ ಮಗುವಿಗೆ ಎರಡು ಮಾತು ಸಾಕು: "ಅಪ್ಪ ಕುಡದಾಗ ಬ್ಯಾರೆ ಥರಾ ಮಾಡ್ತಾನ. ಅದು ನಿನ್ನ ತಪ್ಪಲ್ಲ, ನಾ ನಿನ್ನ ಕೂಡ ಇರ್ತೀನಿ."

ಏಳರಿಂದ ಹನ್ನೊಂದರ ತನಕ ಸ್ವಲ್ಪ ಬಿಡಿಸಿ ಹೇಳಬಹುದು: "ಅಪ್ಪಗ ಕುಡಿಯೋದು ಚಟ ಆಗೇತಿ. ಅದೂ ಒಂದು ಜಡ್ಡು. ನಿನ್ನಿಂದ ಬಂದಿದ್ದಲ್ಲ. ನೀ ಶ್ಯಾಣ್ಯಾ ಇದ್ರ ಹೋಗೂದೂ ಅಲ್ಲ. ಅದನ್ನ ನೋಡ್ಕೊಳ್ಳೋದು ದೊಡ್ಡೋರ ಕೆಲಸ, ಡಾಕ್ಟರ ಕೆಲಸ." ಇದನ್ನು ಒಂದು ಸಲ ಹೇಳಿ ಮುಗಿಸಬೇಡಿ. ತಿಂಗಳಿಗೊಮ್ಮೆಯಾದರೂ ಮತ್ತೆ ಹೇಳಿ. ಮಕ್ಕಳು ಮೊದಲ ಸಲ ನಂಬುವುದಿಲ್ಲ.

ಹನ್ನೆರಡು ದಾಟಿದವರಿಗೆ ಇನ್ನೊಂದು ಮಾತು ಸೇರಿಸಬೇಕು. ಚಟ ಕೆಲವು ಮನೆತನಗಳಲ್ಲಿ ಸಕ್ಕರೆ ಕಾಯಿಲೆಯ ಹಾಗೆ ಹರಿದು ಬರುತ್ತದೆ. ಅಪ್ಪನಿಗೆ ಇದೆ ಅಂದರೆ ಮಗನಿಗೆ ಬಂದೇ ಬರುತ್ತದೆ ಅಂತಲ್ಲ, ಆದರೆ ಅಪಾಯ ಜಾಸ್ತಿ. ಎಷ್ಟು ಚಿಕ್ಕ ವಯಸ್ಸಿಗೆ ಮೊದಲ ಗುಟುಕು ಹಾಕುತ್ತಾರೋ ಚಟ ಅಂಟುವ ಅಪಾಯ ಅಷ್ಟು ಹೆಚ್ಚು. ಜಾತ್ರೆಯಲ್ಲಿ, ಮದುವೆ ಮೆರವಣಿಗೆಯಲ್ಲಿ "ಒಂದ್ ಗುಟುಕು ತೊಗೋ, ಏನಾಗೂದಿಲ್ಲ" ಅನ್ನುವ ಗೆಳೆಯರು ಸಿಕ್ಕೇ ಸಿಗುತ್ತಾರೆ. ಅವನು ಉಳಿದವರಿಗಿಂತ ಜಾಸ್ತಿ ಹುಷಾರಾಗಿರಬೇಕು ಅನ್ನುವುದನ್ನು ಅದಕ್ಕೂ ಮೊದಲೇ ನೀವು ಹೇಳಿರಬೇಕು.

ಕೊನೆಗೆ ಮಾತಾಡಲು ಅನುಮತಿ ಕೊಡಿ. "ಮನಿ ಮಾತು ಹೊರಗ ಹೇಳಬ್ಯಾಡ" ಅಂತ ನಾವೆಲ್ಲ ಕಲಿಸಿದ್ದೇವೆ. ಇಡೀ ಓಣಿಗೆ ಹೇಳಬೇಕಿಲ್ಲ. ಅಜ್ಜಿ, ಸೋದರಮಾವ, ಶಾಲೆಯ ಒಬ್ಬ ಟೀಚರ್, ಹೀಗೆ ಇಬ್ಬರು ಮೂವರ ಹೆಸರು ಹೇಳಿ. "ಇವರ ಮುಂದ ನೀ ಏನ್ ಬೇಕಾದ್ರೂ ಹೇಳಬಹುದು, ನಾ ಸಿಟ್ಟಾಗೂದಿಲ್ಲ" ಅನ್ನಿ.

ಇಲ್ಲೇ ಒಂದು ಎಚ್ಚರಿಕೆ. ಮಗುವಿನ ಮುಂದೆ "ಆ ಕುಡುಕ" ಅನ್ನಬೇಡಿ. ಮಗುವಿಗೆ ಅವನು ಅಪ್ಪ. ಭಾನುವಾರ ಕುಡಿಯದೇ ಇದ್ದಾಗ ಸೈಕಲ್ ಕಲಿಸಿದವನೂ ಅವನೇ. ಅಪ್ಪನ ಮೇಲೆ ಪ್ರೀತಿ ಇದ್ದರೂ ತಪ್ಪಿಲ್ಲ, ಸಿಟ್ಟು ಬಂದರೂ ತಪ್ಪಿಲ್ಲ ಅಂತ ಮಗುವಿಗೆ ತಿಳಿಯಬೇಕು.

ಮಗುವಿನ ತಲೆ ಮುಟ್ಟಿಸಿ ಆಣೆ ಮಾಡಿಸಬೇಡಿ

ಇದನ್ನು ಬೇರೆಯಾಗಿಯೇ ಬರೆಯುತ್ತೇನೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಮಾತು.

ನಮ್ಮ ಕಡೆ ಹಿರಿಯರು ಕೂಡಿ ಪಂಚಾಯ್ತಿ ಮಾಡುತ್ತಾರೆ. ಕುಡಿಯುವವನನ್ನು ಕೂಡಿಸಿ, ಅವನ ಕೈಯನ್ನು ಮಗುವಿನ ತಲೆ ಮೇಲೆ ಇಡಿಸಿ, "ಇನ್ನ ಮುಂದ ಮುಟ್ಟಂಗಿಲ್ಲ ಅಂತ ಆಣಿ ಮಾಡು" ಅನ್ನುತ್ತಾರೆ. ಅವನೂ ಅಳುತ್ತಾನೆ, ಮಾಡುತ್ತಾನೆ. ಆ ಹೊತ್ತಿಗೆ ಅವನ ಮಾತು ನಿಜವೇ. ಆದರೆ ಚಟ ಹಿಡಿದ ಮೆದುಳು ಆಣೆಯ ಮಾತು ಕೇಳುವುದಿಲ್ಲ. ಮೈ ನಡುಗಲು ಶುರುವಾದಾಗ ಕಾಲು ವೈನ್ ಶಾಪ್ ಕಡೆ ಹೊರಳುತ್ತದೆ. ಹದಿನೈದು ದಿನಕ್ಕೋ ಒಂದು ತಿಂಗಳಿಗೋ ಆಣೆ ಮುರಿಯುತ್ತದೆ.

ದೊಡ್ಡವರು "ಇವನದು ಇಷ್ಟೇ" ಅಂತ ಎದ್ದು ಹೋಗುತ್ತಾರೆ. ತಲೆ ಕೊಟ್ಟ ಮಗು? ಎಂಟು ವರ್ಷದ ಒಬ್ಬ ಹುಡುಗಿ ನೀರು ಕುಡಿಯುವ ಸಾಲಿನಲ್ಲಿ ನನ್ನ ಸೆರಗು ಎಳೆದು ಕೇಳಿದ್ದಳು: "ಟೀಚರ್, ಆಣಿ ಮುರದ್ರ ಎಷ್ಟ್ ದಿನಕ್ಕ ಸಾಯ್ತಾರ್ರಿ?" ಅವಳು ಮೂರು ವಾರದಿಂದ ದಿನ ಎಣಿಸುತ್ತಿದ್ದಳು.

ಆಣೆ ಮಾಡಿಸಲೇಬೇಕು ಅಂತ ಹಿರಿಯರು ಹಟ ಹಿಡಿದರೆ ಮಗುವನ್ನು ಅಲ್ಲಿಂದ ಹೊರಗೆ ಕಳಿಸಿ. ನೀವೇ ಗಟ್ಟಿಯಾಗಿ ಹೇಳಿ, ಕೂಸಿನ ತಲೆ ಬೇಡ ಅಂತ. ಈಗಾಗಲೇ ಮಾಡಿಸಿ, ಅದು ಮುರಿದಿದ್ದರೆ ಇವತ್ತೇ ಮಗುವನ್ನು ಹತ್ತಿರ ಕೂಡಿಸಿಕೊಳ್ಳಿ. "ಆಣಿ ಮುರದ್ರ ನಿನಗೇನೂ ಆಗೂದಿಲ್ಲ. ನಿನ್ನ ತಲಿ ಮುಟ್ಟಿಸಿದ್ದು ನಮ್ಮ ತಪ್ಪು" ಅಂತ ಬಾಯಿ ಬಿಟ್ಟು ಹೇಳಿ. ಮಗು ಕೇಳಿಲ್ಲವಲ್ಲ ಅಂತ ಸುಮ್ಮನಿರಬೇಡಿ. ಇಂಥದ್ದನ್ನು ಮಕ್ಕಳು ಕೇಳುವುದು ಅಪರೂಪ.

ಎರಡನೇ ಹೆಜ್ಜೆ: ಸಂಜೆಯ ಮೂರು ತಾಸು ಗಟ್ಟಿ ಮಾಡಿ

ಅಮೆರಿಕದಲ್ಲಿ ಸ್ಟೀವನ್ ವೊಲಿನ್ ಮತ್ತು ಲಿಂಡಾ ಬೆನೆಟ್ ಅನ್ನುವ ಸಂಶೋಧಕರು 1970-80ರ ದಶಕಗಳಲ್ಲಿ ಕುಡಿತ ಇದ್ದ ಮನೆಗಳನ್ನು ಹತ್ತಿರದಿಂದ ನೋಡಿದರು. ಕೆಲವು ಮನೆಗಳಲ್ಲಿ ಮಕ್ಕಳೂ ದೊಡ್ಡವರಾಗಿ ಕುಡಿಯಲು ಕಲಿತಿದ್ದರು, ಕೆಲವು ಮನೆಗಳಲ್ಲಿ ಇಲ್ಲ. ವ್ಯತ್ಯಾಸ ಎಲ್ಲಿ ಅಂತ ಹುಡುಕಿದಾಗ ಅವರಿಗೆ ಕಂಡಿದ್ದು ಬಹಳ ಸಾದಾ ವಿಷಯ. ಅಪ್ಪ ಕುಡಿದರೂ ರಾತ್ರಿಯ ಊಟ, ಹಬ್ಬ, ರಜೆಯ ರೂಢಿಗಳನ್ನು ಕೆಡದಂತೆ ಉಳಿಸಿಕೊಂಡ ಮನೆಗಳಲ್ಲಿ ಚಟ ಮಕ್ಕಳಿಗೆ ದಾಟಿದ್ದು ಕಡಿಮೆ. ಕುಡಿತ ಬಂದು ಊಟದ ಹೊತ್ತನ್ನೇ ನುಂಗಿದ ಮನೆಗಳಲ್ಲಿ ಜಾಸ್ತಿ.

ಇದನ್ನು ನಮ್ಮ ಮನೆಗೆ ತಂದರೆ ಮೊದಲ ಕೆಲಸ ಇಷ್ಟೇ: ಮಕ್ಕಳ ಊಟಕ್ಕೆ ಅಪ್ಪನ ದಾರಿ ಕಾಯಬೇಡಿ. ಅನೇಕ ಮನೆಗಳಲ್ಲಿ ಗಂಡಸು ಬರುವ ತನಕ ಒಲೆ ಮುಂದೆ ಎಲ್ಲರೂ ಹಸಿದು ಕೂತಿರುತ್ತಾರೆ. ಅವನು ಹತ್ತೂವರೆಗೆ ಬರುತ್ತಾನೆ, ತಾಟು ಗೋಡೆಗೆ ಬಡಿಯುತ್ತದೆ, ಮಕ್ಕಳು ಅರ್ಧ ಹೊಟ್ಟೆಯಲ್ಲಿ ಮಲಗುತ್ತಾರೆ. ಅದರ ಬದಲು ಆರಕ್ಕೆ ಕೈಕಾಲು ಮುಖ ತೊಳೆದು ದೀಪ. ಆಮೇಲೆ ಪುಸ್ತಕ. ಏಳೂವರೆಗೆ ರೊಟ್ಟಿ ಪಲ್ಲೆ. ಒಂಬತ್ತಕ್ಕೆ ಹಾಸಿಗೆ. ಅಪ್ಪನ ಪಾಲನ್ನು ಮುಚ್ಚಿ ಪಕ್ಕಕ್ಕೆ ಇಡಿ. ಊಟದ ನಡುವೆ ಅವನು ಬಂದರೆ, ಕುಡಿದೇ ಬಂದರೂ, ಬಡಿಸುವುದನ್ನು ನಿಲ್ಲಿಸಬೇಡಿ. ಕೇಳಬೇಕಾದ್ದನ್ನು ಮರುದಿನ ಬೆಳಿಗ್ಗೆ ಕೇಳಿ. ಕುಡಿದವನ ಜೊತೆ ಆ ಹೊತ್ತಿಗೆ ಮಾಡಿದ ವಾದದಿಂದ ಏನೂ ಗಿಟ್ಟುವುದಿಲ್ಲ.

"ಇರೋದು ಒಂದ ಖೋಲಿ, ಎಲ್ಲಿ ಓದಿಸ್ಲಿ?" ಅಂತ ಕೇಳುತ್ತಾರೆ. ನಿಜವಾದ ಕಷ್ಟ ಅದು. ಹಾಗಿದ್ದರೆ ಓದನ್ನು ಬೆಳಗಿನ ಐದಕ್ಕೆ ತನ್ನಿ. ಆ ಹೊತ್ತಿಗೆ ಕುಡಿದವನು ಗಾಢ ನಿದ್ದೆಯಲ್ಲಿರುತ್ತಾನೆ, ಮನೆ ಶಾಂತವಾಗಿರುತ್ತದೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯ್ತಿಯ ಗ್ರಂಥಾಲಯ ಇದೆ, ಈಗ ಅರಿವು ಕೇಂದ್ರ ಅನ್ನುತ್ತಾರೆ. ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು ಹೋಂವರ್ಕ್ ಮುಗಿಸಿ ಬರಲಿ. ಶಾಲೆಯ ಟೀಚರ್‌ಗೆ ವಿಷಯ ತಿಳಿಸಿ. ಕಾರಣ ಗೊತ್ತಿದ್ದರೆ ಹೋಂವರ್ಕ್ ಆಗಲಿಲ್ಲ ಅಂತ ಯಾವ ಟೀಚರೂ ಆ ಮಗುವನ್ನು ಹೊರಗೆ ನಿಲ್ಲಿಸುವುದಿಲ್ಲ.

ಇನ್ನು ಹಬ್ಬ. ಕುಡಿತ ಇರುವ ಮನೆಯಲ್ಲಿ ಮಕ್ಕಳಿಗೆ ಹಬ್ಬ ಅಂದರೆ ಎದೆ ಡವಡವ. ರಜೆ, ಕೈಯಲ್ಲಿ ದುಡ್ಡು, ಗೆಳೆಯರು, ಅಂದು ಕುಡಿತ ಜಾಸ್ತಿ. ಹಬ್ಬವನ್ನು ಕುಡಿತಕ್ಕೆ ಬಿಟ್ಟುಕೊಡಬೇಡಿ. ಪಂಚಮಿಗೆ ಬೇಕಾದ ಶೇಂಗಾ, ಬೆಲ್ಲ, ಎಳ್ಳನ್ನು ಹದಿನೈದು ದಿನ ಮೊದಲೇ ಸ್ವಲ್ಪ ಸ್ವಲ್ಪ ತಂದಿಡಿ. ಉಂಡಿ ಕಟ್ಟುವಾಗ ಮಕ್ಕಳನ್ನು ಕೂಡಿಸಿಕೊಳ್ಳಿ. ಮಧ್ಯಾಹ್ನದೊಳಗೆ ಹಬ್ಬದ ಊಟ ಮುಗಿಯಲಿ. ಜೋಕಾಲಿಯನ್ನು ಅಪ್ಪನೇ ಕಟ್ಟಬೇಕು ಅಂತಿಲ್ಲ, ಸೋದರಮಾವ ಕಟ್ಟಿದರೂ ಜೋಕಾಲಿ ಅಷ್ಟೇ ಎತ್ತರಕ್ಕೆ ಜೀಕುತ್ತದೆ.

ಮೂರನೇ ಹೆಜ್ಜೆ: ದಿನಕ್ಕೆ ಕಾಲು ತಾಸು ಮಗುವಿನದು

ಚಟ ಇರುವ ತಂದೆತಾಯಿಗಳ ಮಕ್ಕಳಿಗಾಗಿಯೇ ಅಮೆರಿಕದ ಯೂಟಾದಲ್ಲಿ ಕರೋಲ್ ಕಂಫರ್ ಅನ್ನುವವರು 1980ರ ದಶಕದಲ್ಲಿ ಒಂದು ತರಬೇತಿ ರೂಪಿಸಿದರು. ಒಟ್ಟು 14 ವಾರ. ವಾರಕ್ಕೊಮ್ಮೆ ಮೊದಲ ಒಂದು ತಾಸು ದೊಡ್ಡವರು ಬೇರೆ, ಮಕ್ಕಳು ಬೇರೆ ಕೂತು ಕಲಿಯುತ್ತಾರೆ. ಎರಡನೇ ತಾಸು ಕಲಿತದ್ದನ್ನು ಒಟ್ಟಿಗೆ ಮಾಡುತ್ತಾರೆ. ಅದರಲ್ಲಿ ಮನೆಯಲ್ಲೇ ಮಾಡಬಹುದಾದ ಒಂದು ಅಭ್ಯಾಸ ಇದೆ: ಮಗು ಹೇಳಿದ ಆಟವನ್ನು, ಮಗು ಹೇಳಿದ ಹಾಗೆ, ದೊಡ್ಡವರು ಆಡುವುದು.

ಹತ್ತರಿಂದ ಹದಿನೈದು ನಿಮಿಷ. ಮೊಬೈಲ್ ಒಳಗಿಡಿ. ಮಗು ಚೌಕಾಬಾರ ಅಂದರೆ ಚೌಕಾಬಾರ, ಟೀಚರ್ ಆಟ ಅಂದರೆ ಅದೇ. ನೀವು ಕಲಿಸಬೇಡಿ, ತಿದ್ದಬೇಡಿ, "ಹಂಗಲ್ಲ, ಹಿಂಗ" ಅನ್ನಬೇಡಿ. ಸುಮ್ನೆ ನೋಡಿದ್ದನ್ನು ಹೇಳಿ: "ಓಹೋ, ಎಲ್ಲಾ ಹುಣಸೀಬೀಜ ನಿನ್ನ ಕಡೆ ಸೇರಿಸ್ಕೊಂಡಿ!" ಮೊದಲ ವಾರ ನಿಮಗೇ ಮುಜುಗರ ಆಗುತ್ತದೆ. ಮಗುವೂ ಅನುಮಾನದಿಂದ ನೋಡುತ್ತದೆ. ಬಿಡದೇ ಮಾಡಿ. ಕುಡಿತದ ಮನೆಯಲ್ಲಿ ಎಲ್ಲರ ಕಣ್ಣೂ ಕುಡಿಯುವವನ ಮೇಲೆ ಇರುತ್ತದೆ. ದಿನಕ್ಕೆ ಕಾಲು ತಾಸು ಒಬ್ಬರ ಕಣ್ಣು ಪೂರ್ತಿ ತನ್ನ ಮೇಲೆ ಇದೆ ಅನ್ನುವುದು ಆ ಮಗುವಿಗೆ ಸಣ್ಣ ವಿಷಯವಲ್ಲ. ಇಬ್ಬರು ಮೂವರು ಮಕ್ಕಳಿದ್ದರೆ ದಿನ ಹಂಚಿಕೊಳ್ಳಿ.

ನಾಲ್ಕನೇ ಹೆಜ್ಜೆ: ಮಗುವಿನ ಹೆಗಲ ಮೇಲಿನದ್ದನ್ನು ಇಳಿಸಿ

"ಹೋಗಿ ಅಪ್ಪನ್ನ ಕರ್ಕೊಂಡ್ ಬಾ." ಸಂಜೆ ಹೊತ್ತು ಬಾರಿನ ಮುಂದೆ ನಿಂತ ಮಕ್ಕಳನ್ನು ನೀವೂ ನೋಡಿರುತ್ತೀರಿ. ಒಳಗೆ ಹೋಗಲು ಹೆದರಿಕೆ, ಹಾಗೇ ಮನೆಗೆ ಹೋದರೆ ಅವ್ವನ ಬೈಗುಳ. ಮಗುವನ್ನು ಕಳಿಸಬೇಡಿ. ಯಾಕೆ ಕಳಿಸುತ್ತೇವೆ ಅಂತ ನನಗೆ ಗೊತ್ತು, ಮಗುವಿನ ಮುಖ ನೋಡಿ ಬರುತ್ತಾನೆ ಅಂತ. ಒಂದೊಂದು ಸಲ ಬರುತ್ತಾನೆ ಕೂಡ. ಬರದೇ ಇದ್ದ ದಿನ ಮಗು ಅದನ್ನು ತನ್ನ ಸೋಲು ಅಂದುಕೊಳ್ಳುತ್ತದೆ.

ಮದ್ಯದ ಪಾಕೀಟು, ಗುಟ್ಕಾ, ಬೀಡಿ ತರಲು ಮಗುವನ್ನು ಅಂಗಡಿಗೆ ಕಳಿಸುವುದಂತೂ ಯಾವ ಕಾರಣಕ್ಕೂ ಬೇಡ. ಮಕ್ಕಳ ಕೈಗೆ ಮದ್ಯ, ತಂಬಾಕು ಕೊಡುವುದು 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಅಪರಾಧ. ಡಾಕ್ಟರ್ ಹೇಳಿ ಕೊಡಿಸಿದ್ದು ಬೇರೆ ಮಾತು. 7 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ ಇದೆ. ಓಣಿಯ ಅಂಗಡಿಯವರಿಗೆ ಇದನ್ನು ಒಮ್ಮೆ ಹೇಳಿಡಿ.

ಜೇಬು ತಡಕಿಸುವುದು, ಬಾಟಲಿ ಹುಡುಕಿಸುವುದು, ಗೃಹಲಕ್ಷ್ಮಿ ದುಡ್ಡನ್ನು ಮಗುವಿನ ದಫ್ತರದಲ್ಲಿ ಬಚ್ಚಿಡುವುದು, ಇವೂ ಬೇಡ. ದುಡ್ಡು ಬ್ಯಾಂಕಿನಲ್ಲೇ ಇರಲಿ, ಇಲ್ಲವೇ ಸಂಘದ ಉಳಿತಾಯಕ್ಕೆ ಹಾಕಿ. ಮಗುವಿನ ಚೀಲದಲ್ಲಿ ಇಟ್ಟರೆ ಹುಡುಕುವವನ ಕೈ ಮೊದಲು ಮಗುವಿನ ಮೇಲೆ ಬೀಳುತ್ತದೆ.

ಹಿರಿ ಮಗಳ ಬಗ್ಗೆ ಒಂದು ಮಾತು. ಇಂಥ ಮನೆಗಳಲ್ಲಿ ಹನ್ನೆರಡು ವರ್ಷದ ಹುಡುಗಿ ಎರಡನೇ ಅವ್ವ ಆಗಿಬಿಡುತ್ತಾಳೆ. ರೊಟ್ಟಿ ಬಡಿಯುತ್ತಾಳೆ, ತಮ್ಮನನ್ನು ಸಾಕುತ್ತಾಳೆ, ಅಪ್ಪನ ವಾಂತಿ ಬಳಿಯುತ್ತಾಳೆ, ನಿಮ್ಮ ಅಳು ಕೇಳುತ್ತಾಳೆ. ಶಾಲೆಯಲ್ಲೂ ಜಾಣೆ. ಎಲ್ಲರೂ "ಭಾಳ ಶ್ಯಾಣ್ಯಾಕಿ" ಅನ್ನುತ್ತಾರೆ. ನನಗೆ ತರಗತಿಯಲ್ಲಿ ಗದ್ದಲ ಮಾಡುವ ಹುಡುಗನಿಗಿಂತ ಅವಳ ಚಿಂತೆಯೇ ಜಾಸ್ತಿ. ಗದ್ದಲ ಮಾಡುವವನನ್ನು ಯಾರಾದರೂ ಗಮನಿಸುತ್ತಾರೆ. ಅವಳ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಅರ್ಧ ಹೊಡೆದು ಹಾಕಿ. ನಿಮ್ಮ ದುಃಖ ಹೇಳಿಕೊಳ್ಳಲು ಅಕ್ಕನನ್ನೋ ಗೆಳತಿಯನ್ನೋ ಹುಡುಕಿ, ಮಗಳನ್ನಲ್ಲ.

ಐದನೇ ಹೆಜ್ಜೆ: ಅವನ ಮೇಲಿನ ಸಿಟ್ಟು ಇವರ ಮೇಲೆ ಬೇಡ

ರಾತ್ರಿಯಿಡೀ ಜಗಳ, ಬೆಳಿಗ್ಗೆ ಹಾಲು ಚೆಲ್ಲಿದ ಮಗುವಿಗೆ ಏಟು. ಆಮೇಲೆ ಪಾಪ ಅನಿಸಿ ಹತ್ತು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸುವುದು. ಇದು ಕೆಟ್ಟ ತಾಯಿಯ ಲಕ್ಷಣ ಅಲ್ಲ, ದಣಿದ ತಾಯಿಯ ಲಕ್ಷಣ. ಆದರೆ ಇದರಿಂದ ಮಗುವಿಗೆ ಇಬ್ಬರು ಅಂದಾಜು ಸಿಗದ ದೊಡ್ಡವರು ಆಗುತ್ತಾರೆ.

ಎರಡು ಮೂರು ನಿಯಮ ಸಾಕು. ಹೊಡೆದಾಟ ಇಲ್ಲ. ಕತ್ತಲಾಗುವ ಮೊದಲು ಮನೆಗೆ. ಮಲಗುವ ಮುಂಚೆ ದಫ್ತರ ತಯಾರು. ಮುರಿದರೆ ಏನು ಅನ್ನುವುದೂ ಮೊದಲೇ ಗೊತ್ತಿರಲಿ, ದಿನಾ ಒಂದೇ ಆಗಿರಲಿ: ಆ ದಿನ ಟಿವಿ ಇಲ್ಲ, ಅಷ್ಟೇ. ಕೈ ಎತ್ತುವಷ್ಟು ಸಿಟ್ಟು ಬಂದರೆ ನೀವೇ ಎದ್ದು ಹೊರಗೆ ಹೋಗಿ, ಮುಖ ತೊಳೆದು ಬನ್ನಿ. ಹೊಡೆದೇಬಿಟ್ಟಿದ್ದರೆ "ಸಿಟ್ಟು ಅಪ್ಪನ ಮ್ಯಾಲಿತ್ತು, ಬಿದ್ದಿದ್ದು ನಿನ್ನ ಮ್ಯಾಲೆ. ತಪ್ಪಾತು" ಅನ್ನಿ. ತಪ್ಪು ಒಪ್ಪಿಕೊಳ್ಳುವ ದೊಡ್ಡವರನ್ನು ಆ ಮಗು ನೋಡಿರುವುದೇ ಕಡಿಮೆ.

"ನೀನೂ ನಿಮ್ಮಪ್ಪನಂಗ ಆಗ್ತಿ ನೋಡು." ಈ ಒಂದು ಮಾತನ್ನು ಮಾತ್ರ ಎಂಥ ಸಿಟ್ಟಿನಲ್ಲೂ ಆಡಬೇಡಿ. ಹೆದರಿಸಿ ದಾರಿಗೆ ತರೋಣ ಅಂತ ಹೇಳುತ್ತೇವೆ, ಅಲ್ವಾ? ಹುಡುಗ ಅದನ್ನು ಭವಿಷ್ಯ ಅಂತ ಕೇಳಿಸಿಕೊಳ್ಳುತ್ತಾನೆ.

ನಿಮಗೂ ಯಾರಾದರೂ ಬೇಕು. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಅನ್ನುವ ಗುಂಪುಗಳಿವೆ. ಹತ್ತಿರದಲ್ಲಿ ಇಲ್ಲದಿದ್ದರೆ ಸ್ವಸಹಾಯ ಸಂಘದಲ್ಲೇ ಇಂಥದ್ದೇ ಮನೆಯ ಇನ್ನಿಬ್ಬರು ಇರುತ್ತಾರೆ. ವಾರಕ್ಕೊಮ್ಮೆ ಕೂತು ಮಾತಾಡಿ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅದು ಕುಡಿಯುವವರಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ.

ಆರನೇ ಹೆಜ್ಜೆ: ಕೆಟ್ಟ ರಾತ್ರಿಗೆ ಮೊದಲೇ ತಯಾರಿ

ಹೊಡೆತ ಇರುವ ಮನೆಯಾದರೆ ಇದನ್ನು ಇವತ್ತೇ ಮಾಡಿ. ಪಕ್ಕದ ಮನೆಯವರೊಬ್ಬರ ಜೊತೆ ಮೊದಲೇ ಮಾತಾಡಿಡಿ: ಮಕ್ಕಳು ಬಾಗಿಲು ಬಡಿದರೆ ಏನೂ ಕೇಳದೇ ಒಳಗೆ ಕರೆದುಕೊಳ್ಳಬೇಕು. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಇವುಗಳ ಝೆರಾಕ್ಸ್ ಪ್ರತಿ ತವರಿನಲ್ಲಿ ಇರಲಿ. ಮಕ್ಕಳಿಗೆ ಹೇಳಿ: ಜಗಳದ ನಡುವೆ ಬರಬಾರದು, ಅವ್ವನನ್ನು ಉಳಿಸುವುದು ನಿಮ್ಮ ಕೆಲಸ ಅಲ್ಲ, ಹೊರಗೆ ಹೋಗಿ 112ಕ್ಕೆ ಫೋನ್ ಮಾಡುವುದು ನಿಮ್ಮ ಕೆಲಸ. ಮಕ್ಕಳ ಸಹಾಯವಾಣಿ 1098, ಮಹಿಳೆಯರದ್ದು 181. ಮೂರೂ ನಂಬರ್ ಬಾಯಿಪಾಠ ಆಗಲಿ, ಮಗ್ಗಿಯ ಹಾಗೆ. ಕುಡಿದ ಅಪ್ಪನ ಬೈಕ್ ಹತ್ತಬಾರದು ಅನ್ನುವುದನ್ನೂ ಇದರಲ್ಲೇ ಸೇರಿಸಿ. "ಹೊಟ್ಟಿ ನೋಯಾಕತ್ತೇತಿ, ನಾ ಬರೂದಿಲ್ಲ" ಅಂತ ನೆಪ ಹೇಳಲು ಕಲಿಸಿ. ಇಂಥ ಕಡೆ ಸುಳ್ಳು ತಪ್ಪಲ್ಲ.

ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯಲ್ಲಿ ನಿಮಗೂ ಮಕ್ಕಳಿಗೂ ರಕ್ಷಣೆ ಇದೆ, ಅದೇ ಮನೆಯಲ್ಲಿ ವಾಸಿಸುವ ಹಕ್ಕೂ ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಓ, ಇದರ ರಕ್ಷಣಾಧಿಕಾರಿ. ದಾರಿ ಗೊತ್ತಿಲ್ಲದಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಅವರು ಕರೆದುಕೊಂಡು ಹೋಗುತ್ತಾರೆ.

ಏಳನೇ ಹೆಜ್ಜೆ: ಚಿಕಿತ್ಸೆಗೆ ದಾರಿ, ಮಕ್ಕಳನ್ನು ಪಕ್ಕಕ್ಕಿಟ್ಟು

ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸುವುದು ಅಪಾಯ. ಮನೆಯಲ್ಲಿ ಕೂಡಿ ಹಾಕಿ ಬಿಡಿಸುವ ಪ್ರಯತ್ನ ಮಾಡಬೇಡಿ. ಕೊನೆಯ ಗುಟುಕಿನಿಂದ 6ರಿಂದ 24 ತಾಸಿನಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಗೋಡೆ ಮೇಲೆ ಹುಳ ಓಡುತ್ತಿವೆ ಅನ್ನುತ್ತಾರೆ, ಹೆಂಡತಿ ಮಕ್ಕಳ ಗುರುತು ಹಿಡಿಯುವುದಿಲ್ಲ. ಗಾಳಿ ಬಡಿದಿದೆ ಅಂತ ತಾಯತ ಕಟ್ಟಿಸಲು ಹೋಗಿ ಹೊತ್ತು ಕಳೆಯಬೇಡಿ. ಜೀವಕ್ಕೆ ಅಪಾಯ ಇದೆ. 108 ಕರೆಸಿ. ಆ ಹೊತ್ತಿನಲ್ಲಿ ಮಕ್ಕಳು ಅಲ್ಲಿ ಇರಬಾರದು.

ಊಟದಲ್ಲಿ ಗೊತ್ತಿಲ್ಲದಂತೆ ಹಾಕುವ ಪುಡಿ, ಗುಳಿಗೆಯೂ ಬೇಡ. ಕೆಲವದರಲ್ಲಿ ಡೈಸಲ್ಫಿರಾಮ್ ಇರುತ್ತದೆ. ಅದರ ಮೇಲೆ ಕುಡಿದರೆ ವಾಂತಿ, ಎದೆ ಬಡಿತ, ಬಿಪಿ ಕುಸಿತ, ಸಾವೂ ಆಗಬಹುದು. ಅದೇ ಔಷಧವನ್ನು ಡಾಕ್ಟರ್ ರೋಗಿಗೆ ಹೇಳಿ, ಒಪ್ಪಿಸಿ ಕೊಡುತ್ತಾರೆ. ಆ ಪುಡಿಯನ್ನು ಮಗುವಿನ ಕೈಯಿಂದ ಸಾರಿಗೆ ಹಾಕಿಸಿದ ಮನೆಯನ್ನು ನಾನು ಕಂಡಿದ್ದೇನೆ. ಅಪ್ಪನಿಗೆ ಏನಾದರೂ ಆಗಿದ್ದರೆ ಆ ಮಗು ಅದನ್ನು ಜೀವನವಿಡೀ ಹೊರಬೇಕಿತ್ತು.

ಎಲ್ಲಿಗೆ ಹೋಗಬೇಕು? ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. "ನಿನ್ನ ಧಾರವಾಡಕ್ಕ ಕಳಸಬೇಕು" ಅಂತ ಅಣಕಿಸುವ ಮಾತು ನಮ್ಮ ಕಡೆ ಎಷ್ಟು ಬಳಕೆಯಲ್ಲಿದೆ ಅಂದರೆ, ಆ ಆಸ್ಪತ್ರೆಯ ಹೆಸರು ತೆಗೆದರೆ ಸಾಕು, ಗಂಡಸರು ರೇಗುತ್ತಾರೆ. ಹಾಗಾಗಿ ಮೊದಲು ಹೊಟ್ಟೆ ನೋವು, ನಿದ್ದೆ ಇಲ್ಲ, ಕೈ ನಡುಗುತ್ತದೆ ಅನ್ನುವ ಕಾರಣಕ್ಕೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅದೂ ಸುಳ್ಳಲ್ಲವಲ್ಲ. ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಇವೆ, ಅಲ್ಲಿ ಮನೋವೈದ್ಯರೂ ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುವ ಕಾರ್ಯಕ್ರಮವೂ ರಾಜ್ಯದಲ್ಲಿದೆ. ನಿಮ್ಮಲ್ಲಿ ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ಹೊರಡಿ. ಗಾಂಜಾ, ಗುಳಿಗೆ, ಪಂಕ್ಚರ್ ಸಲ್ಯೂಷನ್ ಮೂಸುವ ಚಟವಾದರೆ ಚಟ ಬಿಡಿಸುವ ಸರ್ಕಾರಿ ಸಹಾಯವಾಣಿ 14446ಕ್ಕೆ ಕರೆ ಮಾಡಿ ಕೇಳಬಹುದು.

ಎಂಟನೇ ಹೆಜ್ಜೆ: ಅಪ್ಪ ಕುಡಿತ ಬಿಟ್ಟು ಬಂದಾಗ

ಇದನ್ನು ಅಪ್ಪಂದಿರೇ ಓದಬೇಕು. ನೀವು ಚಿಕಿತ್ಸೆ ಮುಗಿಸಿ ಬಂದಿದ್ದೀರಿ. ಮೈ ಹಗುರ, ಮನಸ್ಸಿನಲ್ಲಿ ಆಸೆ. ಮಗ ಓಡಿ ಬಂದು ತಬ್ಬಿಕೊಳ್ಳುತ್ತಾನೆ ಅಂದುಕೊಂಡಿದ್ದೀರಿ. ಅವನು ಬಾಗಿಲ ಸಂದಿಯಿಂದ ನೋಡಿ ಒಳಗೆ ಹೋದ. ಬೇಜಾರಾಗಬೇಡಿ. ಅವನು ಇಂಥ ಬೆಳಗುಗಳನ್ನು ಮೊದಲೂ ನೋಡಿದ್ದಾನೆ.

ದೊಡ್ಡ ಮಾತು ಕೊಡಬೇಡಿ. "ಇನ್ನ ಎಂದೂ ಮುಟ್ಟಂಗಿಲ್ಲ" ಅನ್ನುವುದರ ಬದಲು "ಶನಿವಾರ ಸಾಲಿ ಬಿಡೋ ಹೊತ್ತಿಗೆ ಗೇಟಿನ ಹತ್ರ ಇರ್ತೀನಿ" ಅನ್ನಿ. ಇರಿ. ಮುಂದಿನ ಶನಿವಾರವೂ ಇರಿ. ಸೈಕಲ್, ಮೊಬೈಲ್ ಕೊಡಿಸಿ ಹಳೆಯದನ್ನು ಮುಚ್ಚಲು ಹೋಗಬೇಡಿ. ಒಂದು ಸಲ ಕೂತು ಹೇಳಿ: "ನಾ ಕುಡದು ನಿನ್ನ ಹೆದರಿಸೇನಿ. ಅದು ನನ್ನ ತಪ್ಪು, ನಿಂದಲ್ಲ." ಕಾರಣ ಸೇರಿಸಬೇಡಿ. ಕ್ಷಮಿಸು ಅಂತ ಒತ್ತಾಯವೂ ಬೇಡ. ಮಗು ಏನೂ ಅನ್ನದೇ ಎದ್ದು ಹೋದರೆ ಹೋಗಲಿ.

ಇಷ್ಟು ದಿನ ಮನೆ ನಡೆಸಿದವಳು ಹೆಂಡತಿ. ಬಂದ ಮರುದಿನವೇ ಮಕ್ಕಳ ಮೇಲೆ ಯಜಮಾನಿಕೆ ಬೇಡ. ಮೊದಲ ಕೆಲವು ತಿಂಗಳು ಅವಳು ಮಾಡಿದ ನಿಯಮಗಳನ್ನೇ ನೀವೂ ಪಾಲಿಸಿ. ಕಾಲು ತಾಸಿನ ಆಟದಲ್ಲಿ ವಾರಕ್ಕೆ ಎರಡು ದಿನ ನೀವು ಕೂಡಿ.

ಮೊದಲಿಗೆ ಹೇಳಿದ ಆ ಐದನೇ ಕ್ಲಾಸಿನ ಹುಡುಗನ ಅಪ್ಪ ಎರಡನೇ ಸಲದ ಚಿಕಿತ್ಸೆಯ ನಂತರ ನಿಲ್ಲಿಸಿದರು. ಅಷ್ಟೊತ್ತಿಗೆ ಹುಡುಗ ಏಳನೇ ಕ್ಲಾಸು. ಅಪ್ಪ ಬೈಕ್ ನಿಲ್ಲಿಸುವ ಸದ್ದಿಗೆ ಅವನ ಪೆನ್ಸಿಲ್ ಇನ್ನೂ ನಿಲ್ಲುತ್ತಿತ್ತಂತೆ. ಅವ್ವ "ಯಾಕ್ ಹೆದರ್ತಿ, ಈಗ ಕುಡಿಯೂದಿಲ್ಲಲ್ಲ" ಅಂತ ಒಮ್ಮೆಯೂ ಅನ್ನಲಿಲ್ಲ. ಹಾಗೇ ಮಾಡಿ. ಕಿವಿ ಬೀದಿಯಿಂದ ಪುಸ್ತಕಕ್ಕೆ ತಿರುಗಿ ಬರಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳು.

ಮತ್ತೆ ಕುಡಿದು ಬಂದರೆ? ಬರಬಹುದು. ಜಾರಿದ್ದನ್ನು ಮಕ್ಕಳಿಂದ ಮುಚ್ಚಿಡಬೇಡಿ. "ಅಪ್ಪ ಇವತ್ತ ಮತ್ತ ಕುಡದಾನ. ನಾಳೆ ಮುಂಜಾನೆ ದವಾಖಾನಿಗೆ ಹೊಂಟೇವಿ. ನಿನ್ನ ಸಾಲಿ ತಪ್ಪೂದಿಲ್ಲ" ಅಂತ ಹೇಳಿ. ಆ ದಿನವೂ ಏಳೂವರೆಗೆ ರೊಟ್ಟಿ ಬಡಿಸಿ.